ದೈತ್ಯನ ಎಲುಬು ಮತ್ತು ಅವನ ಕೊನೆಯಾಸೆ

ಮಗುವಿನ ಎಲುಬು ರಬ್ಬರಿನಂತೆ ಹಿಗ್ಗಿ ಉದ್ದವಾಗುವುದಿಲ್ಲ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ 1727ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ತೋರಿಸಿತು. ಅವರು ಕೋಳಿಮರಿಯ ಕಾಲೆಲುಬಿನಲ್ಲಿ ಅರ್ಧ ಇಂಚು ಅಂತರದಲ್ಲಿ ಎರಡು ತೂತು ಕೊರೆದರು. ಎರಡು ತಿಂಗಳ ಬಳಿಕ ಎಲುಬು ಉದ್ದವಾಗಿತ್ತು. ತೂತುಗಳ ಅಂತರ ಮಾತ್ರ ಬದಲಾಗಿರಲಿಲ್ಲ. ಅಂದರೆ ಎಲುಬು ಬೆಳೆಯುವುದು ತುದಿಗಳಲ್ಲಿ. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ ಹಂದಿಮರಿಯ ಎಲುಬಿನಲ್ಲಿ ಸೀಸದ ಗುಂಡುಗಳನ್ನಿಟ್ಟು ಇದನ್ನೇ ಕಂಡುಕೊಂಡರು.

ಆದರೆ ಈ ಬೆಳವಣಿಗೆಗೆ ಲಗಾಮು ಹಾಕುವುದು ಯಾವುದು? ಅದರ ಸುಳಿವು ಹಂಟರರ ಸಂಗ್ರಹದಲ್ಲೇ ಇತ್ತು.

ಐರ್ಲೆಂಡಿನ ಬಡ ಯುವಕ ಚಾರ್ಲ್ಸ್ ಬೈರ್ನ್ 1782ರಲ್ಲಿ ಲಂಡನ್ನಿಗೆ ಬಂದ. ಸುಮಾರು ಏಳೂವರೆ ಅಡಿ ಎತ್ತರದ ಅವನನ್ನು ಜನ ದುಡ್ಡು ಕೊಟ್ಟು ನೋಡುತ್ತಿದ್ದರು. ಮರುವರ್ಷವೇ, 22ರ ಹರೆಯದಲ್ಲಿ ಅವನು ತೀರಿಕೊಂಡ. ವೈದ್ಯರ ಕೈಗೆ ತನ್ನ ದೇಹ ಸಿಗಬಾರದು, ಅದನ್ನು ಸಮುದ್ರಕ್ಕಿಳಿಸಬೇಕು ಎಂಬುದು ಅವನ ಕೊನೆಯಾಸೆಯಾಗಿತ್ತೆಂದು ಅಂದಿನ ಪತ್ರಿಕೆಗಳು ಬರೆದವು. ಆದರೆ ಹಂಟರ್ ಹಣ ತೆತ್ತು ಗುಟ್ಟಾಗಿ ಶವವನ್ನು ಪಡೆದರೆನ್ನಲಾಗುತ್ತದೆ. ಅವನ ಅಸ್ಥಿಪಂಜರ ಎರಡು ಶತಮಾನ ಪ್ರದರ್ಶನದ ವಸ್ತುವಾಯಿತು.

1909ರಲ್ಲಿ ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಆ ತಲೆಬುರುಡೆಯನ್ನು ತೆರೆಸಿ ನೋಡಿದರು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗೂಡು ಅಸಹಜವಾಗಿ ಹಿಗ್ಗಿತ್ತು. ಬಟಾಣಿ ಕಾಳಿನಷ್ಟಿರುವ ಈ ಗ್ರಂಥಿಯೇ ಬೆಳವಣಿಗೆಯ ಹಾರ್ಮೋನನ್ನು ಸ್ರವಿಸುತ್ತದೆ. ಅದರ ಪ್ರೇರಣೆಯಿಂದ ಎಲುಬಿನ ತುದಿಯ ಬಳಿಯಿರುವ ಮೃದ್ವಸ್ಥಿಯ ಪದರದಲ್ಲಿ ಜೀವಕೋಶಗಳು ಹೆಚ್ಚುತ್ತವೆ, ಮುಂದೆ ಅಲ್ಲಿ ಗಟ್ಟಿ ಎಲುಬು ಮೂಡುತ್ತದೆ. ಪ್ರಾಯಕ್ಕೆ ಬಂದಾಗ ಲೈಂಗಿಕ ಹಾರ್ಮೋನುಗಳು ಮೊದಲು ಬೆಳವಣಿಗೆಗೆ ವೇಗ ಕೊಡುತ್ತವೆ, ಕೊನೆಗೆ ಆ ಪದರವನ್ನೇ ಮುಚ್ಚಿಬಿಡುತ್ತವೆ. ಹಾಗೆ ಮುಚ್ಚುವ ಮೊದಲೇ ಪಿಟ್ಯುಟರಿಯಲ್ಲಿ ಗಡ್ಡೆ ಬೆಳೆದು ಹಾರ್ಮೋನು ಮಿತಿಮೀರಿದರೆ ಮನುಷ್ಯ ದೈತ್ಯನಾಗುತ್ತಾನೆ.

2011ರಲ್ಲಿ ವಿಜ್ಞಾನಿಗಳು ಬೈರ್ನ್‌ನ ಹಲ್ಲುಗಳಿಂದ ಡಿಎನ್‌ಎ ತೆಗೆದು, ಎಐಪಿ ಎಂಬ ಜೀನಿನಲ್ಲಿ ದೋಷವಿದ್ದುದನ್ನು ಪತ್ತೆಹಚ್ಚಿದರು. ಉತ್ತರ ಐರ್ಲೆಂಡಿನ ಕೆಲವು ಕುಟುಂಬಗಳಲ್ಲಿ ಇಂದಿಗೂ ಅದೇ ದೋಷವಿದೆ. ಈಗ ಅವರ ಮಕ್ಕಳನ್ನು ಮೊದಲೇ ಪರೀಕ್ಷಿಸಿ ಚಿಕಿತ್ಸೆ ನೀಡಬಹುದು.

ಇದು ಖಂಡಿತ ದೊಡ್ಡ ಉಪಕಾರ. ಆದರೆ ಅದಕ್ಕಾಗಿ ಒಬ್ಬ ಬಡವನ ಎಲುಬುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಬೇಕಾಗಿರಲಿಲ್ಲ. ಲಂಡನ್ನಿನ ಹಂಟೇರಿಯನ್ ಮ್ಯೂಸಿಯಂ 2023ರಲ್ಲಿ ಮರಳಿ ತೆರೆದಾಗ ಅಸ್ಥಿಪಂಜರ ಪ್ರದರ್ಶನದಲ್ಲಿರಲಿಲ್ಲ. ಆದರೂ ಸಂಶೋಧನೆಗೆಂದು ಅದನ್ನು ಉಳಿಸಿಕೊಳ್ಳಲಾಗಿದೆ. ವಿಜ್ಞಾನ ಅವನಿಂದ ಪಡೆಯಬೇಕಾದುದನ್ನು ಪಡೆಯಿತು. ಅವನು ಕೇಳಿದ್ದ ಸಮುದ್ರ ಮಾತ್ರ ಅವನಿಗಿನ್ನೂ ಸಿಕ್ಕಿಲ್ಲ.