ಉತಾರ ಬಂದ ಹಾದಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆಯಲ್ಲಿ ಪಹಣಿಗೆ ‘ಉತಾರ’ ಎಂದೇ ಹೆಸರು. ಅದನ್ನು ಬರೆದುಕೊಡುತ್ತಿದ್ದವರು ತಲಾಟಿಗಳು. 1956ರವರೆಗಿನ ಮುಂಬೈ ಆಡಳಿತ ಬಿಟ್ಟುಹೋದ ಮಾತುಗಳಿವು. ಬ್ಯಾಂಕಿನ ಸಾಲವಿರಲಿ, ಅಣ್ಣತಮ್ಮಂದಿರ ಪಾಲಿರಲಿ, ಕೋರ್ಟಿನ ವ್ಯಾಜ್ಯವಿರಲಿ, ಉತಾರವಿಲ್ಲದೆ ರೈತನ ಕೆಲಸ ಸಾಗದು. ತಲಾಟಿ ಊರಲ್ಲಿಲ್ಲವೆಂದರೆ ಉತಾರವೂ ಇಲ್ಲ.

ಕಂದಾಯ ಇಲಾಖೆಯ ‘ಭೂಮಿ’ ಯೋಜನೆ 2001ರಲ್ಲಿ ಈ ಕಟ್ಟನ್ನು ಬಿಚ್ಚಿತು. 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. 15 ರೂಪಾಯಿಗೆ ಮುದ್ರಿತ ಪ್ರತಿ. ಕೈಬರಹದ್ದಕ್ಕೆ ಮಾನ್ಯತೆ ಇಲ್ಲ. ಆದರೆ ಅಥಣಿಯ ಕಂಪ್ಯೂಟರಿಗೆ ಅಥಣಿಯಷ್ಟೇ ಗೊತ್ತು, ರಾಯಬಾಗದ್ದಕ್ಕೆ ರಾಯಬಾಗವಷ್ಟೇ. ನಿಪ್ಪಾಣಿ, ಕಾಗವಾಡಗಳು ಆಗಿನ್ನೂ ತಾಲ್ಲೂಕುಗಳಲ್ಲ. ಕಾಗವಾಡದ ರೈತ ಅಥಣಿಗೆ, ನಿಪ್ಪಾಣಿಯವನು ಚಿಕ್ಕೋಡಿಗೆ ಬಸ್ಸು ಹತ್ತಲೇಬೇಕಿತ್ತು.

ಒಂದೇ ಕಟ್ಟಡದ ಕಂಪ್ಯೂಟರುಗಳನ್ನು ಜೋಡಿಸಲು ನಾಲ್ಕು ಮೊಳ ಕೇಬಲ್ ಸಾಕು. ಊರಿಂದೂರಿಗೆ ಹಾಗಲ್ಲ. ಪ್ರತಿ ಕಚೇರಿಯೂ ತನ್ನದೇ ತಂತಿ ಎಳೆಯುವಂತಿಲ್ಲ. ಈಗಾಗಲೇ ಎಳೆದಿರುವವರಿಂದ, ಅಂದರೆ ದೂರವಾಣಿ ಸಂಸ್ಥೆಯಿಂದ, ಬಾಡಿಗೆಗೆ ಪಡೆಯಬೇಕು. ಅದೇ ‘ಲೀಸ್ಡ್ ಲೈನ್’. ಅದರ ತುದಿಯ ಮೋಡೆಮ್ ಕಂಪ್ಯೂಟರಿನ ಸಂಕೇತವನ್ನು ತಂತಿಗೆ ಒಗ್ಗಿಸುತ್ತದೆ. ಯಾವ ಮಾಹಿತಿ ಯಾವ ಊರಿಗೆ ಎಂದು ವಿಂಗಡಿಸುವ ರೌಟರಿನದು ಅಂಚೆ ಕಚೇರಿಯ ಕೆಲಸ.

ಕೇಂದ್ರ ಸರ್ಕಾರ ಮಾರ್ಚ್ 2005ರಲ್ಲಿ ಒಪ್ಪಿದ ರಾಜ್ಯ ಜಾಲಗಳ ಯೋಜನೆ ತಾಲ್ಲೂಕು ಮಟ್ಟದವರೆಗೆ ಕನಿಷ್ಠ 2 ಮೆಗಾಬಿಟ್ ಸಂಪರ್ಕವಿರಬೇಕೆಂದಿತು. ಈ ಲೆಕ್ಕ ಉತಾರಗಳನ್ನು ಎಣಿಸಿ ಬಂದದ್ದಲ್ಲ, ಮನುಷ್ಯರ ಮಾತಿನಿಂದ ಬಂದದ್ದು! ಒಂದು ಫೋನ್ ಸಂಭಾಷಣೆಯನ್ನು ಅಂಕಿಗಳಾಗಿಸಿದರೆ ಸೆಕೆಂಡಿಗೆ 64 ಸಾವಿರ ಬಿಟ್. ದೂರವಾಣಿ ಎಂಜಿನಿಯರುಗಳು ಅಂಥ 32 ಎಳೆಗಳನ್ನು ಒಂದು ಹುರಿಯಾಗಿ ಹೊಸೆದಿದ್ದರು: 30 ಮಾತಿಗೆ, 2 ಕಾಲಮಾನ ಮತ್ತು ಸೂಚನೆಗಳಿಗೆ. ಆ ಹುರಿಯೇ ಕಂಪ್ಯೂಟರುಗಳಿಗೂ ಬಾಡಿಗೆಗೆ ಸಿಕ್ಕಿತು. ತಂತಿ ಮುಟ್ಟದೆಡೆ ಮಾಳಿಗೆಯ ಮೇಲೊಂದು ಡಿಶ್. ಉಪಗ್ರಹ 36 ಸಾವಿರ ಕಿಲೋಮೀಟರ್ ಎತ್ತರದಲ್ಲಿರುವುದರಿಂದ ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡು; ಗುಂಡಿಯೊತ್ತಿ ಕಾಯುವ ಗುಮಾಸ್ತರಿಗೆ ಅದೂ ದೀರ್ಘವೇ.

ಕರ್ನಾಟಕದ ಜಾಲ ‘ಕೆಸ್ವಾನ್’ಗೆ ಬೆಂಗಳೂರು, ಜಿಲ್ಲೆ, ತಾಲ್ಲೂಕು ಎಂದು ಮೂರು ಮೆಟ್ಟಿಲು. ಚಿಕ್ಕೋಡಿಯ ಮಾಹಿತಿ ಬೆಳಗಾವಿಯ ಮೆಟ್ಟಿಲು ತುಳಿದೇ ರಾಜಧಾನಿ ಸೇರಬೇಕು. ದಾಖಲೆಗಳು ಹೀಗೆ ಒಂದೆಡೆ ಕೂಡಿದ್ದರ ಪ್ರಯೋಜನ ದೊಡ್ಡದು. 2017ರ ಬಜೆಟ್ಟಿನಲ್ಲಿ ನಿಪ್ಪಾಣಿ, ಕಾಗವಾಡಗಳು ತಾಲ್ಲೂಕುಗಳೆಂದು ಘೋಷಿತವಾದಾಗ, ಮುದ್ರಿತ ಉತಾರ ಕೊಡಲು ಹಳೆಯ ತಾಲ್ಲೂಕಿನ ದಫ್ತರಕ್ಕಾಗಿ ಕಾಯಬೇಕಾದ ಕಾಲ ಮುಗಿದಿತ್ತು.

ಹಾಗೆಂದು ಎಲ್ಲ ಸಸಾರವಾಯಿತೆನ್ನುವಂತಿಲ್ಲ. ತಲಾಟಿ ಬಾರದಿದ್ದರೆ ಒಂದೆರಡು ಊರಿನ ಕೆಲಸ ನಿಲ್ಲುತ್ತಿತ್ತು. ರಸ್ತೆ ಅಗೆಯುವ ಜೆಸಿಬಿ ಕೇಬಲ್ ಕಡಿದರೆ ತಾಲ್ಲೂಕಿನ ಸರದಿಯೇ ನಿಲ್ಲುತ್ತದೆ. ‘ಸರ್ವರ್ ಇಲ್ಲ’ ಎಂಬುದು ಈಗ ಹಳ್ಳಿಯ ಮಾತೂ ಹೌದು. ಇನ್ನು ಗಡಿಯ ವಿಚಾರ. ಕಾಗವಾಡಕ್ಕೆ ಮಿರಜ ಹತ್ತಿರ, ಬೆಂಗಳೂರು ಬಲು ದೂರ. ಆದರೂ ಇಲ್ಲಿನ ಉತಾರ ಬರುವುದು ಬೆಂಗಳೂರಿನಿಂದ. ಗಡಿಯಾಚೆಯ ಹೊಲದ ‘ಸಾತ್ ಬಾರಾ’ ಇರುವುದು ಮಹಾರಾಷ್ಟ್ರದ ಬೇರೆ ಜಾಲದಲ್ಲಿ. ಎರಡೂ ಕಡೆ ಹೊಲವಿರುವ ರೈತ ಎರಡು ಕಿಟಕಿಗಳ ಮುಂದೆ ನಿಲ್ಲಬೇಕು.