ವೀರೇಂದ್ರ ಪಾಟೀಲರ ಎರಡು ನಿರ್ಗಮನಗಳು: ಕಲಬುರಗಿಯಿಂದ ಒಂದು ಮರುನೋಟ

ಚಿಂಚೋಳಿಯ ವೀರೇಂದ್ರ ಪಾಟೀಲರು (1924–1997) ಹೈದರಾಬಾದ್ ಕರ್ನಾಟಕದಿಂದ ಮುಖ್ಯಮಂತ್ರಿ ಪದವಿಗೇರಿದ ಮೊದಲಿಗರು. ಆ ಪದವಿ ಅವರಿಗೆ ಎರಡು ಬಾರಿ ಒಲಿಯಿತು. ಎರಡು ಬಾರಿಯೂ ಅವಧಿ ತುಂಬುವ ಮೊದಲೇ ಕೈತಪ್ಪಿತು. ಈ ಎರಡು ನಿರ್ಗಮನಗಳ ಸ್ವರೂಪ ಒಂದೇ ಅಲ್ಲವೆಂಬುದನ್ನು ಮೊದಲಿಗೆ ಗುರುತಿಸಬೇಕು.

1968ರ ಮೇ ತಿಂಗಳಲ್ಲಿ ಎಸ್. ನಿಜಲಿಂಗಪ್ಪನವರ ಉತ್ತರಾಧಿಕಾರಿಯಾದ ಪಾಟೀಲರು, 1969ರಲ್ಲಿ ಕಾಂಗ್ರೆಸ್ ಒಡೆದಾಗ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿದರು. 1971ರ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಪಕ್ಷವು ರಾಜ್ಯದ 27 ಸ್ಥಾನಗಳನ್ನೂ ಗೆದ್ದಿತು. ಶಾಸಕರ ಪಕ್ಷಾಂತರ ನಡೆಯಿತು. ಮಾರ್ಚಿನಲ್ಲಿ ಪಾಟೀಲರು ರಾಜೀನಾಮೆಯಿತ್ತರು. ಇದು ರಾಜಕೀಯ ಸೋಲು. ಅದಕ್ಕೆ ಜನಮತದ ಹಿನ್ನೆಲೆಯಿತ್ತು.

ಎರಡನೆಯದು ಬೇರೆ ಬಗೆಯದು. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಅವರ ಎದುರಾಳಿಯಾಗಿ ಸೋತ ಪಾಟೀಲರು ಮುಂದೆ ಅವರ ಸಂಪುಟದಲ್ಲಿಯೇ ಸಚಿವರಾದರು. 1989ರಲ್ಲಿ ಅವರ ನೇತೃತ್ವದಲ್ಲಿ ಕಾಂಗ್ರೆಸ್ 178 ವಿಧಾನಸಭಾ ಸ್ಥಾನ ಗಳಿಸಿತು. 1990ರ ಅಕ್ಟೋಬರಿನಲ್ಲಿ ರಾಜ್ಯದಲ್ಲಿ ಕೋಮುಗಲಭೆಗಳು ನಡೆದವು, ಮುಖ್ಯಮಂತ್ರಿಗಳು ಅಸ್ವಸ್ಥರಾಗಿದ್ದರು. ಜೀವಹಾನಿಯನ್ನು ತಡೆಯಲಾಗದ ಹೊಣೆಯಿಂದ ಅವರ ಸರ್ಕಾರವನ್ನು ಮುಕ್ತಗೊಳಿಸಲಾಗದು. ಆದರೆ ನಾಯಕತ್ವ ಬದಲಾವಣೆಯನ್ನು ಬೆಂಗಳೂರಿನ ವಿಮಾನನಿಲ್ದಾಣದಲ್ಲಿ ಪ್ರಕಟಿಸಿದವರು ಪಕ್ಷದ ರಾಷ್ಟ್ರೀಯ ಅಧ್ಯಕ್ಷ ರಾಜೀವ್ ಗಾಂಧಿ. ಅಲ್ಪಕಾಲದ ರಾಷ್ಟ್ರಪತಿ ಆಳ್ವಿಕೆಯ ನಂತರ ಎಸ್. ಬಂಗಾರಪ್ಪ ಅಧಿಕಾರ ವಹಿಸಿಕೊಂಡರು. 1994ರಲ್ಲಿ ಕಾಂಗ್ರೆಸ್ 34 ಸ್ಥಾನಗಳಿಗೆ ಕುಸಿದದ್ದನ್ನು ಈ ಅವಮಾನದ ಫಲವೆನ್ನುವ ವಾಡಿಕೆಯುಂಟು. ಬಂಗಾರಪ್ಪನವರು ಪ್ರತ್ಯೇಕ ಪಕ್ಷ ಕಟ್ಟಿದ್ದೂ ಸೇರಿ ಅನ್ಯ ಕಾರಣಗಳನ್ನು ಮರೆಯಬಾರದು.

ಸ್ವಂತ ಪ್ರದೇಶದ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ವ್ಯಕ್ತಿ ಹೋದ ಮೇಲೆ ಉಳಿದದ್ದೇನು? ಅವರ ಮೊದಲ ಅವಧಿಯಲ್ಲಿ, 1970ರಲ್ಲಿ, ಕಲಬುರಗಿಯಲ್ಲಿ ಆರಂಭವಾದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವು 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಆದರೆ ಹುಮನಾಬಾದ್ ಮಾರ್ಗದ ಕಮಲಾಪುರವು ಕಲಬುರಗಿ ತಾಲ್ಲೂಕಿನಿಂದ ಬೇರ್ಪಟ್ಟು ತಾನೇ ತಾಲ್ಲೂಕಾದದ್ದು ಎರಡನೆಯ ನಿರ್ಗಮನವಾಗಿ ಕಾಲು ಶತಮಾನ ಕಳೆದ ಮೇಲೆ. ಪ್ರದೇಶಕ್ಕೆ ಶಿಕ್ಷಣ ಹಾಗೂ ಉದ್ಯೋಗದಲ್ಲಿ ಮೀಸಲಾತಿಗೆ ಅವಕಾಶ ನೀಡಿದ ಸಂವಿಧಾನದ 371(ಜೆ) ವಿಧಿ ಬಂದದ್ದು 2012ರ ತಿದ್ದುಪಡಿಯಿಂದ.

ಮುಖ್ಯಮಂತ್ರಿ ಪದವಿಯು ಹಿಂದುಳಿದ ಪ್ರದೇಶಕ್ಕೆ ಗೌರವ ತಂದಿತು. ಕಾಯಂ ಹಕ್ಕನ್ನು ತರಲಿಲ್ಲ. ದೆಹಲಿಯ ಒಂದು ಮಾತಿಗೆ ಆ ಗೌರವವೂ ಅಳಿಯಬಹುದೆಂಬುದನ್ನು 1990 ತೋರಿಸಿತು. ಪಾಟೀಲರ ಪರಂಪರೆಯ ಮೌಲ್ಯಮಾಪನವು ಅವರಿಗಾದ ಅನ್ಯಾಯದ ಕಥನದಲ್ಲಿಯೇ ನಿಲ್ಲದೆ, ಈ ಅಂತರವನ್ನೂ ಪರಿಗಣಿಸುವುದು ಅಗತ್ಯ.