ಕನಕಪುರದ ಮೇಲೆ ಹಾದುಹೋದ ತಂತಿ ಮತ್ತು ಚಿಕಾಗೋದಲ್ಲಿ ಬೀಸದ ಡ್ರೈಯರ್

ಮೊದಲ ಸಲ ಫಾರಿನ್‌ಗೆ ಹೊರಡೋರ ಸೂಟ್‌ಕೇಸಿನಲ್ಲಿ ಮೂರು ಸಾಮಾನು ಇದ್ದೇ ಇರುತ್ತವೆ. ಚಟ್ನಿಪುಡಿ, ಪುಟ್ಟ ಕುಕ್ಕರ್, ಮತ್ತೆ ಕೂದಲಿನ ಒಂದು ಮಿಷನ್ನು: ಡ್ರೈಯರೋ, ಸ್ಟ್ರೈಟ್ನರೋ. ಚಟ್ನಿಪುಡಿ ಯಾವ ದೇಶಕ್ಕೆ ಹೋದರೂ ಚಟ್ನಿಪುಡಿಯೇ. ಕುಕ್ಕರ್ರೂ ಹೆಚ್ಚುಕಡಿಮೆ ಎಲ್ಲಿಟ್ಟರೂ ಕೂಗುತ್ತದೆ. ಮೂರನೆಯದು ಮಾತ್ರ ಗಡಿ ದಾಟಿದ ಕೂಡಲೇ ಮುನಿಸಿಕೊಳ್ಳುತ್ತದೆ.

ಚನ್ನಪಟ್ಟಣದಲ್ಲಿರೋ ನಮ್ಮ ಚಿಕ್ಕಮ್ಮನ ಮಗಳು ಪ್ರಾಜೆಕ್ಟ್ ಮೇಲೆ ಚಿಕಾಗೋಗೆ ಹೋದಾಗ ಎರಡನೇ ದಿನವೇ ಫೋನು. "ಅಕ್ಕಾ, ಅಡಾಪ್ಟರ್ ಹಾಕಿದೀನಿ, ಲೈಟೂ ಹತ್ತಿದೆ, ಆದ್ರೆ ಡ್ರೈಯರ್ ಬೀಸ್ತಾನೇ ಇಲ್ಲ, ಸುಮ್ನೆ ಉಸಿರು ಬಿಡ್ತಿದೆ." ಹೊರಗೆ ಮೈನಸ್ ಹತ್ತು ಡಿಗ್ರಿ, ತಲೆ ಒದ್ದೆ, ಮುಕ್ಕಾಲು ಗಂಟೆಯಲ್ಲಿ ಕ್ಲೈಂಟ್ ಎದುರು ಕೂರಬೇಕು. ನಗೋ ವಿಷಯ ಅಲ್ಲ.

ಲೆಕ್ಕ ಸರಳ. ನಮ್ಮ ಮನೆಗೆ ಬರೋದು 230 ವೋಲ್ಟ್, ಅಮೆರಿಕದಲ್ಲಿ 120. ವೋಲ್ಟೇಜ್ ಅರ್ಧವಾದರೆ ಕಾಯಿಲಿನ ಶಾಖ ಅರ್ಧವಾಗೋದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಇಲ್ಲಿ 1200 ವ್ಯಾಟ್ ಬೀಸುವ ಡ್ರೈಯರ್ ಅಲ್ಲಿ 330 ವ್ಯಾಟನ್ನೂ ಮುಟ್ಟುವುದಿಲ್ಲ. ತಿರುವುಮುರುವಾದರೆ ಇನ್ನೂ ಕಷ್ಟ. ಅಮೆರಿಕದಿಂದ ಅಕ್ಕರೆಯಿಂದ ತಂದ 1500 ವ್ಯಾಟಿನ ಡ್ರೈಯರನ್ನು ಇಲ್ಲಿ ಚುಚ್ಚಿದರೆ ಅದು ಎಳೆಯಲು ಹೊರಡೋದು 5500 ವ್ಯಾಟ್. ಎರಡು ಗೀಸರಿಗಿಂತ ಜಾಸ್ತಿ! ಎರಡು ಸೆಕೆಂಡು ಕೆಂಪಗಾಗಿ, ಸುಟ್ಟ ವಾಸನೆ ಕೊಟ್ಟು ಕಣ್ಣು ಮುಚ್ಚುತ್ತದೆ. ಅಡಾಪ್ಟರ್ ಬದಲಿಸೋದು ಪಿನ್ನಿನ ಆಕಾರವನ್ನ ಮಾತ್ರ. ವೋಲ್ಟೇಜನ್ನ ಅದು ಮುಟ್ಟೋದೂ ಇಲ್ಲ.

ಸರಿ, ಇಡೀ ಜಗತ್ತು ಕೂತು ಒಂದೇ ವೋಲ್ಟೇಜ್ ಅಂತ ಯಾಕೆ ತೀರ್ಮಾನಿಸಲಿಲ್ಲ? ಯಾಕಂದ್ರೆ ತೀರ್ಮಾನಿಸೋ ಹೊತ್ತಿಗೆ ತಂತಿ ಎಳೆದಾಗಿತ್ತು. 1882ರಲ್ಲಿ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್‌ನಲ್ಲಿ ವಿದ್ಯುತ್ ಮಾರಲು ಕೂತಾಗ ಅವನ ಇಂಗಾಲದ ಎಳೆಯ ಬಲ್ಬಿಗೆ ಒಗ್ಗಿದ್ದು ಸುಮಾರು 110 ವೋಲ್ಟ್. ಅಮೆರಿಕ ಇವತ್ತಿಗೂ ಆ ಬಲ್ಬಿನ ಋಣದಲ್ಲೇ ಇದೆ. ಬರ್ಲಿನ್ನಿನ ಕಂಪನಿ ಅದೇ ಶತಮಾನದ ಕೊನೆಯಲ್ಲಿ 220ಕ್ಕೆ ಏರಿತು. ವೋಲ್ಟೇಜ್ ಹೆಚ್ಚಿದರೆ ಅಷ್ಟೇ ಕರೆಂಟನ್ನ ತೆಳ್ಳಗಿನ ತಾಮ್ರದಲ್ಲಿ ಸಾಗಿಸಬಹುದು, ತಾಮ್ರಕ್ಕೆ ದುಡ್ಡು ಬೇಕು. ಗಿರಾಕಿಗಳ ಬಲ್ಬು, ಮೋಟಾರು ಬದಲಿಸುವ ಖರ್ಚನ್ನೂ ಕಂಪನಿಯೇ ಹಾಕಿಕೊಂಡಿತು. ಉಳಿದ ಯುರೋಪು ಅದೇ ದಾರಿ ಹಿಡಿಯಿತು. ನಾವು ಬ್ರಿಟಿಷರ ಹಿಂದೆ ಹೋದೆವು.

ಆದರೆ ನಮ್ಮ ಸೀಮೆಯ ಕಥೆ ಇಷ್ಟು ನೆಟ್ಟಗಿಲ್ಲ. ನಮಗೆ ಮೊದಲು ಬಂದದ್ದು ಬ್ರಿಟಿಷ್ ಯಂತ್ರವೇ ಅಲ್ಲ.

ಕೋಲಾರದ ಚಿನ್ನದ ಗಣಿಗಳಿಗೆ ಉಗಿ ಯಂತ್ರ ನಡೆಸಲು ಸೌದೆ, ಕಲ್ಲಿದ್ದಲು ಎರಡೂ ದುಬಾರಿಯಾಗಿದ್ದ ಕಾಲ. ಕ್ವಿಬೆಕ್‌ನಲ್ಲಿ ಬೇರಿದ್ದ, ಬ್ರಿಟಿಷ್ ಸೇನೆಯ ಎಂಜಿನಿಯರ್ ಜೋಲಿ ದ ಲೋಬಿನಿಯೇರ್ ಶಿವನಸಮುದ್ರದ ಜಲಪಾತದಿಂದ ವಿದ್ಯುತ್ ತೆಗೆದು ಅಲ್ಲಿಗೆ ಕಳಿಸಬಹುದು ಅಂದ. ದಿವಾನ್ ಶೇಷಾದ್ರಿ ಅಯ್ಯರ್ ಒಪ್ಪಿದರು. ಟರ್ಬೈನು ಸ್ವಿಟ್ಜರ್ಲೆಂಡಿನ ಎಷರ್ ವಿಸ್‌ನದು, ಜನರೇಟರು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು, ಅಂದರೆ ಎಡಿಸನ್ನನ ಕಂಪನಿಯ ಮರಿ. ಎಡಿಸನ್ ಬೈದಿದ್ದ ಏಸಿ ಕರೆಂಟನ್ನೇ ಅದು ಹುಟ್ಟಿಸುತ್ತಿತ್ತು ಅನ್ನೋದು ಬೇರೆ ಮಾತು. ಯಂತ್ರಗಳನ್ನ ಜಲಪಾತದವರೆಗೆ ಸಾಗಿಸಲು ಆನೆ, ಎತ್ತುಗಳು ಬೇಕಾದವು. 1902ರ ಜೂನ್ 30ರಂದು ಕರೆಂಟು ಹರಿಯಿತು: 35,000 ವೋಲ್ಟ್, ಸುಮಾರು 147 ಕಿಲೋಮೀಟರ್. ಆಗಿನ ಜಗತ್ತಿನಲ್ಲೇ ಅಷ್ಟುದ್ದದ ಲೈನು ಅಪರೂಪ. ಶೇಷಾದ್ರಿ ಅಯ್ಯರ್ ಅದನ್ನ ನೋಡಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಇನ್ನೊಂದು ತಮಾಷೆ. ಆ ಕರೆಂಟಿನ ಫ್ರೀಕ್ವೆನ್ಸಿ 25 ಹರ್ಟ್ಜ್. ನಯಾಗರದ ಮೊದಲ ದೊಡ್ಡ ವಿದ್ಯುದಾಗಾರದ್ದೂ 25. ಅಂದರೆ ಒಂದು ಕಾಲದಲ್ಲಿ ಮೈಸೂರು ಸೀಮೆಯ ಕರೆಂಟು ಲಂಡನ್ನಿಗಿಂತ ನಯಾಗರಕ್ಕೆ ಹತ್ತಿರದ ನೆಂಟ. ಮುಂದೆ ರಾಜ್ಯವೆಲ್ಲ 50ಕ್ಕೆ ಬಂತು.

ಈಗ ಮ್ಯಾಪ್ ತೆಗೆದು ಶಿವನಸಮುದ್ರದಿಂದ ಕೆಜಿಎಫ್‌ಗೆ ಒಂದು ಗೆರೆ ಎಳೆಯಿರಿ. ಅದು ನಮ್ಮ ಕನಕಪುರ ಸೀಮೆಯನ್ನ ಸೀಳಿಕೊಂಡೇ ಹೋಗುತ್ತದೆ. ಆಗ ಊರಿನ ಹೆಸರು ಕಾನಕಾನಹಳ್ಳಿ. ಏಷ್ಯಾದ ಹೆಮ್ಮೆಯ ಕರೆಂಟು ತಲೆ ಮೇಲೆ ಹಾದುಹೋಗ್ತಿದೆ, ಕೆಳಗೆ ಚಿಮಣಿ ದೀಪ. 1905ರಲ್ಲಿ ಬೆಂಗಳೂರಿನ ಬೀದಿಗೆ ಬೆಳಕು ಬಂತು, 1908ರಲ್ಲಿ ಮೈಸೂರಿಗೆ. ನಮ್ಮ ಹಳ್ಳಿಗಳಿಗೆ ಇನ್ನೂ ದಶಕಗಳು ಹಿಡಿದವು. ನಮ್ಮಜ್ಜಿ ಓದು ಕಲಿತದ್ದು ಸೀಮೆಎಣ್ಣೆ ಬುಡ್ಡಿಯಲ್ಲಿ. ದೀಪದ ಬುಡದಲ್ಲಿ ಕತ್ತಲೆ ಅನ್ನೋ ಗಾದೆಯನ್ನ ಇಷ್ಟು ಅಕ್ಷರಶಃ ಜಾರಿಗೆ ತಂದವರು ಬೇರೆ ಯಾರಿದ್ದಾರೋ ಕಾಣೆ.

ಯಾರದೋ ದುರುದ್ದೇಶ ಅಂತಲ್ಲ. 35,000 ವೋಲ್ಟಿನ ತಂತಿಗೆ ಬಲ್ಬು ಸಿಕ್ಕಿಸಲು ಆಗಲ್ಲ. ಇಳಿಸಲು ಟ್ರಾನ್ಸ್‌ಫಾರ್ಮರ್ ಬೇಕು, ಊರೊಳಗೆ ಕಂಬ ಬೇಕು, ತಿಂಗಳ ಬಿಲ್ಲು ಕಟ್ಟೋ ಗಿರಾಕಿ ಬೇಕು. ಗಣಿ ಕಂಪನಿ ಹತ್ತಿರ ಎಲ್ಲ ಇತ್ತು, ರಾಗಿ ಬೆಳೆಯೋರ ಹತ್ತಿರ ಇರಲಿಲ್ಲ. ಚಿಕಾಗೋದಲ್ಲಿ ನಮ್ಮ ಹುಡುಗಿಗೆ ಆದದ್ದನ್ನ ಇದಕ್ಕೆ ಹೋಲಿಸೋದು ಸ್ವಲ್ಪ ಅತಿಯಾಯ್ತೇನೋ. ಆದರೆ ಗೋಡೆಯಲ್ಲಿ ಕರೆಂಟು ಇರೋದು ಬೇರೆ, ಅದು ನಿಮ್ಮ ಕೆಲಸಕ್ಕೆ ಬರೋದು ಬೇರೆ.

ಅಂದಹಾಗೆ 'ಶೋಲೆ'. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿ 1975ರಲ್ಲಿ ಬಿಡುಗಡೆಯಾದ ಸಿನಿಮಾ. ಠಾಕೂರನ ಸೊಸೆ ರಾತ್ರಿ ಒಂದೊಂದೇ ದೀಪ ಆರಿಸುತ್ತಾ ಬರುತ್ತಾಳಲ್ಲ, ರಾಮಗಢದಲ್ಲಿ ಕರೆಂಟಿಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ಹಾಗಾದರೆ ವೀರು ಹತ್ತಿ ಕೂಗಾಡುವ ಆ ಎತ್ತರದ ಟ್ಯಾಂಕಿಗೆ ನೀರು ಹತ್ತಿದ್ದು ಹೇಗೆ ಅಂತ ಅಭಿಮಾನಿಗಳು ಇವತ್ತಿಗೂ ಕೇಳ್ತಾರೆ. ಕನಕಪುರದ ಕಡೆಯವಳಾದ ನನಗೆ ಮೇಲೆ ಸೌಕರ್ಯ, ಕೆಳಗೆ ಲಾಟೀನು ಅನ್ನೋದರಲ್ಲಿ ಅಂಥ ವಿಚಿತ್ರವೇನೂ ಕಾಣಿಸಲಿಲ್ಲ.

ಇನ್ನು ಪಿನ್ನಿನ ಕಥೆ. ನಮ್ಮ ಗೋಡೆಯ ಮೂರು ದುಂಡು ತೂತು ಬ್ರಿಟಿಷರ ಹಳೆಯ ಮಾದರಿ. ಎರಡನೇ ಮಹಾಯುದ್ಧ ಮುಗಿಯೋ ಹೊತ್ತಿಗೆ ಅವರಿಗೆ ಲಕ್ಷಾಂತರ ಮನೆ ಕಟ್ಟಬೇಕಿತ್ತು, ತಾಮ್ರದ ಅಭಾವ ಬೇರೆ. ಹೊಸ ವೈರಿಂಗ್ ಪದ್ಧತಿ, ಅದಕ್ಕೆ ತಕ್ಕ ಚೌಕ ಪಿನ್ನಿನ, ಒಳಗೇ ಫ್ಯೂಸ್ ಇರುವ ಪ್ಲಗ್ಗು ಬಂತು. ಅದನ್ನ ರೂಪಿಸಿದ ಸಮಿತಿಯಲ್ಲಿದ್ದ ಒಬ್ಬಳೇ ಹೆಂಗಸು ಕ್ಯಾರೊಲಿನ್ ಹ್ಯಾಸ್ಲೆಟ್. ಮಕ್ಕಳು ತೂತಿಗೆ ಬೆರಳು, ಕಡ್ಡಿ ತುರುಕಿದರೂ ಅಪಾಯವಾಗಬಾರದು ಅನ್ನೋದು ಆಕೆಯ ಒತ್ತಾಯ. ಮೇಲಿನ ಉದ್ದ ಪಿನ್ನು ಒಳಹೋದ ಮೇಲಷ್ಟೇ ಕೆಳಗಿನ ತೂತುಗಳ ಬಾಗಿಲು ತೆರೆಯೋದು ಅದಕ್ಕೇ. ಆ ಪ್ಲಗ್ಗಿಗೆ ಮಾನಕ ಬಂದ ವರ್ಷ 1947. ಅವರು ಇಲ್ಲಿಂದ ಹೊರಟ ವರ್ಷವೂ ಅದೇ. ಹೊಸ ಪ್ಲಗ್ಗನ್ನ ತಮ್ಮಲ್ಲಿಟ್ಟುಕೊಂಡರು, ಹಳೆಯದನ್ನ ನಮಗೆ ಬಿಟ್ಟುಹೋದರು. ಹಾಗಾಗಿ ಲಂಡನ್ನಿನಲ್ಲಿ ವೋಲ್ಟೇಜ್ ನಮ್ಮದೇ, ತೂತು ಬೇರೆ. ಅಲ್ಲಿ ಅಡಾಪ್ಟರ್ ಒಂದೇ ಸಾಕು. ಒಂದು ಮಾತು ಮಾತ್ರ: ಬಚ್ಚಲುಮನೆಯ ಗೋಡೆಯಲ್ಲಿ ಶೇವರ್ ಗುರುತಿನ ಸಾಕೆಟ್ ಇರುತ್ತದೆ, ಅದರ ಹಿಂದಿರೋ ಟ್ರಾನ್ಸ್‌ಫಾರ್ಮರ್ ಗಡ್ಡ ಬೋಳಿಸಲು ಸಾಕಾಗುವಷ್ಟು ಪುಟ್ಟದು. ಡ್ರೈಯರನ್ನ ಅದಕ್ಕೆ ಚುಚ್ಚಬೇಡಿ.

ಹಾಗಾದರೆ ಏನು ಕೊಳ್ಳೋದು? ಹಿಡಿಯ ಮೇಲೋ ಪ್ಲಗ್ಗಿನ ಹತ್ತಿರವೋ ಇರುವ ಸಣ್ಣ ಅಕ್ಷರ ಓದಿ. 100-240 ವೋಲ್ಟ್, 50/60 ಹರ್ಟ್ಜ್ ಅಂತಿದ್ದರೆ ಎಲ್ಲಿ ಬೇಕಾದರೂ ಒಯ್ಯಿರಿ. ಬರೀ 220-240 ಅಂತಿದ್ದರೆ ಅಮೆರಿಕ, ಜಪಾನಿಗೆ ಬೇಡ. ಸ್ಟ್ರೈಟ್ನರುಗಳಲ್ಲಿ ಮೊದಲನೇ ಜಾತಿಯವು ಸುಲಭವಾಗಿ ಸಿಗುತ್ತವೆ. ಅನೇಕದರಲ್ಲಿ ಇರೋ ಸೆರಾಮಿಕ್ ಬಿಲ್ಲೆ ಬಿಸಿಯಾದಷ್ಟೂ ತಾನೇ ಕರೆಂಟನ್ನ ತಡೆಯುತ್ತದೆ, ವೋಲ್ಟೇಜ್ ಎಷ್ಟೇ ಇರಲಿ ಶಾಖ ಒಂದು ಹದಕ್ಕೆ ನಿಲ್ಲುತ್ತದೆ. ಹದವೇ ಮುಖ್ಯ. ರಾಮನಗರದಲ್ಲಿ ನೂಲು ತೆಗೆಯೋರನ್ನ ಕೇಳಿ ನೋಡಿ: ಗೂಡು ಬೇಯೋದು ಕಡಿಮೆಯಾದರೆ ಎಳೆ ಬಿಚ್ಚಲ್ಲ, ಜಾಸ್ತಿಯಾದರೆ ನೂಲು ಗಂಟುಗಂಟು. ಕೂದಲೂ ರೇಷ್ಮೆಯ ಹಾಗೆ ಪ್ರೋಟೀನೇ ತಾನೆ.

ಡ್ರೈಯರ್ ಮಾತ್ರ ಹಟಮಾರಿ. 110 ಮತ್ತು 220ರ ನಡುವೆ ಸ್ವಿಚ್ ತಿರುಗಿಸುವ ಟ್ರಾವೆಲ್ ಡ್ರೈಯರ್ ಇದ್ದರೆ ಸರಿ, ಹೊರಡೋ ಮೊದಲು ಸ್ವಿಚ್ ಎತ್ತ ಕಡೆ ಇದೆ ಅಂತ ನೋಡಿಕೊಳ್ಳಿ. 1500 ವ್ಯಾಟಿನ ಡ್ರೈಯರಿಗೆ ಸರಿಹೋಗುವ ಟ್ರಾನ್ಸ್‌ಫಾರ್ಮರ್ ನಿಮ್ಮ ಬ್ಯಾಗಿನ ತೂಕದ ಮಿತಿಯ ದೊಡ್ಡ ಪಾಲನ್ನೇ ನುಂಗುತ್ತದೆ. ಅಗ್ಗದ ಹಗುರ ಕನ್ವರ್ಟರುಗಳು ಬರೀ ಕಾಯಿಲಿನ ಸಾಮಾನಿಗೆ ಆಗಬಹುದು. ಡಿಜಿಟಲ್ ಡಿಸ್‌ಪ್ಲೇ ಇರೋದಕ್ಕೆ ಹಾಕಿದರೆ ಅದು ಕೆಡುವ ಸಾಧ್ಯತೆಯೇ ಹೆಚ್ಚು. ವರ್ಷಗಟ್ಟಲೆ ಇರಲು ಹೋಗ್ತಿದ್ದೀರಾ? ಅಲ್ಲೇ ಒಂದು ಕೊಂಡುಬಿಡಿ, ವಾಪಸು ಬರುವಾಗ ಅಲ್ಲೇ ಯಾರಿಗಾದರೂ ಕೊಟ್ಟು ಬನ್ನಿ.

ಜಪಾನಿನದು ಎಲ್ಲಕ್ಕಿಂತ ವಿಚಿತ್ರ. ಮನೆಗೆ ಬರೋದು 100 ವೋಲ್ಟ್, ಅಮೆರಿಕಕ್ಕಿಂತಲೂ ಕಡಿಮೆ. ಅದರ ಮೇಲೆ 1890ರ ದಶಕದಲ್ಲಿ ಟೋಕಿಯೋದವರು ಜರ್ಮನಿಯ ಜನರೇಟರ್ ತಂದರು, ಒಸಾಕಾದವರು ಅಮೆರಿಕದ್ದು. ಪೂರ್ವದಲ್ಲಿ 50 ಹರ್ಟ್ಜ್, ಪಶ್ಚಿಮದಲ್ಲಿ 60, ಇವತ್ತಿಗೂ. ಕಾಯಿಲಿಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ, ದೇಶಕ್ಕೆ ಇದೆ. 2011ರ ಮಾರ್ಚಿನಲ್ಲಿ ಭೂಕಂಪ, ಸುನಾಮಿ ಬಂದು ಫುಕುಶಿಮಾ ನಿಂತಾಗ ಟೋಕಿಯೋ ಸುತ್ತಮುತ್ತ ಸರದಿ ಪ್ರಕಾರ ಕರೆಂಟು ತೆಗೆದರು. ಪಶ್ಚಿಮದಲ್ಲಿ ದೀಪ ಉರಿಯುತ್ತಲೇ ಇತ್ತು, ಆದರೆ ಫ್ರೀಕ್ವೆನ್ಸಿ ಬದಲಿಸಿ ಈಚೆಗೆ ದಾಟಿಸುವ ಕೇಂದ್ರಗಳ ಸಾಮರ್ಥ್ಯ ಸುಮಾರು ಸಾವಿರ ಮೆಗಾವ್ಯಾಟ್ ಅಷ್ಟೇ. ಅಲ್ಲಿಗೆ ಹೋಗೋರಿದ್ದರೆ ನಿಮ್ಮ ಡ್ರೈಯರನ್ನ ಮನೆಯಲ್ಲೇ ಬಿಟ್ಟುಹೋಗಿ, ಹೆಚ್ಚಿನ ಹೋಟೆಲುಗಳ ಬಚ್ಚಲಲ್ಲಿ ಒಂದು ಇಟ್ಟಿರುತ್ತಾರೆ.